ಅತ್ತೆಯ ಕತ್ತಿ, ಸರ್ಕಲ್ಲಿನ ಕಲ್ಲು

ನಮ್ಮ ಸೋದರತ್ತೆ ಬೆಳಿಗ್ಗೆ ಕತ್ತಿ ಹಿಡಿದು ಪೇಟೆ ಕಡೆ ಹೊರಟರೆಂದರೆ ಹುಲ್ಲು ಕೊಯ್ಯಲು ಎಂದುಕೊಳ್ಳಬೇಡಿ. ಆ ದಿನ ಯಾವನೋ ಮರಿ ಪುಢಾರಿಯ ಹುಟ್ಟುಹಬ್ಬ ಎಂದೇ ಅರ್ಥ!

ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಅಂಗೈಯಗಲದ ಪೇಟೆ. ಅದರ ಸರ್ಕಲ್ಲಿನಲ್ಲಿ, ಸುತ್ತಿನ ಹಳ್ಳಿಗಳಿಂದ ಸೈನ್ಯಕ್ಕೆ ಹೋಗಿ ಬಂದವರ, ಬಾರದವರ ಹೆಸರು ಕೆತ್ತಿದ ಕರಿಕಲ್ಲೊಂದಿದೆ. ಮೇಲಿನಿಂದ ಏಳನೆಯ ಹೆಸರು ನಮ್ಮ ಮಾವನದು, ಅಂದರೆ ಅತ್ತೆಯ ಯಜಮಾನರದು. ಮಾವ ಬಾರದವರ ಪೈಕಿ.

ಉದ್ಘಾಟನೆಯ ದಿನ ಊರೆಲ್ಲ ಚಪ್ಪಾಳೆ ತಟ್ಟಿತು, ಲಾಡು ತಿಂದಿತು, ಮಾರನೆಯ ದಿನ ಮರೆತಿತು. ಕಲ್ಲಿನ ಎರಡೂ ಬದಿಯ ಕಬ್ಬಿಣದ ಕಂಬಗಳು ಫ್ಲೆಕ್ಸ್ ಕಟ್ಟಲು ಬಲು ಅನುಕೂಲ ಎಂಬುದನ್ನು ಮಾತ್ರ ಯಾರೂ ಮರೆಯಲಿಲ್ಲ!

ಮೊದಲ ಫ್ಲೆಕ್ಸಿನಲ್ಲಿ ಕೈಮುಗಿದು ನಗುತ್ತಿದ್ದ ಪುಢಾರಿಯ ಹಿಂದೆ ಇಡೀ ಸೈನ್ಯವೇ ಅಡಗಿಹೋಗಿತ್ತು. ಅತ್ತೆ ನಾಲ್ಕು ಹಗ್ಗವನ್ನು ನಾಲ್ಕೇ ಏಟಿಗೆ ಕತ್ತರಿಸಿ, ಅವನನ್ನು ಚಾಪೆಯಂತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಡೆದೇಬಿಟ್ಟರು. ಸಂಜೆ ಮೂರು ಬೈಕಿನಲ್ಲಿ ಅವನ ಕಡೆಯ ಹುಡುಗರು ಮನೆಗೆ ಬಂದರು.

"ಅಮ್ಮಾ, ನಮ್ಮಣ್ಣನ ಫ್ಲೆಕ್ಸ್ ಎಲ್ಲಿ?"

"ಕೊಟ್ಟಿಗೆ ಹಿಂದೆ ನೋಡ್ರಪ್ಪ, ಸೌದೆ ಮೇಲೆ ಹೊದಿಸಿದೀನಿ. ಒಂದು ಹನಿ ನೀರು ಇಳೀಲಿಲ್ಲ! ನಿಮ್ಮಣ್ಣನಿಂದ ಊರಿಗೆ ಇದೊಂದು ಉಪಕಾರ ಆಯ್ತು ಅಂತ ಹೇಳಿ."

"ಪೊಲೀಸರಿಗೆ ಕಂಪ್ಲೇಂಟ್ ಕೊಡ್ತೀವಿ."

"ಕೊಡಿ. ಅವರನ್ನೂ ಕರ್ಕೊಂಡೇ ಬನ್ನಿ, ಕಾಫಿ ಇಡ್ತೀನಿ."

ಹುಡುಗರು ಕಾಫಿ ಕುಡಿದು ಹೋದರು. ಇನ್ನೇನು ಮಾಡಿಯಾರು?

ಆಮೇಲೆ ಪಕ್ಷಭೇದವಿಲ್ಲದೆ ಕೊಯ್ಲು ನಡೆಯಿತು. ಅತ್ತೆಯ ಬಚ್ಚಲು, ಕೊಟ್ಟಿಗೆ, ಕೋಳಿಗೂಡು ಎಲ್ಲಕ್ಕೂ ನಾಯಕರ ರಕ್ಷಣೆ! ಕೋಳಿಗೂಡಿನ ಮೇಲಂತೂ ಆಜನ್ಮ ವಿರೋಧಿಗಳಿಬ್ಬರು ಕೆನ್ನೆಗೆ ಕೆನ್ನೆ ತಾಗಿಸಿ ಮಲಗಿದ್ದರು. ಇಂಥ ಸೌಹಾರ್ದವನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅಷ್ಟರಲ್ಲಿ ರಸ್ತೆ ಅಗಲ ಮಾಡುವ ಕೆಲಸ ಬಂತು. ಕಲ್ಲನ್ನು ಕಿತ್ತು ಬಸ್‌ಸ್ಟ್ಯಾಂಡಿನ ಹಿಂದೆ, ಶೌಚಾಲಯದ ಪಕ್ಕ ನಿಲ್ಲಿಸುವುದೆಂದು ಯಾರೋ ಸಾಹೇಬರು ತೀರ್ಮಾನಿಸಿದರು. ಜೆಸಿಬಿ ಬಂದಾಗ ಅತ್ತೆ ಅದರ ಎದುರಿಗೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ಸ್ವಲ್ಪ ಸರೀರಿ ಅಮ್ಮಾ, ಊರು ಅಭಿವೃದ್ಧಿ ಆಗ್ಬೇಕು" ಎಂದರು ಸಾಹೇಬರು.

"ಆಗ್ಲಿ, ನಾನೆಲ್ಲಿ ಬೇಡ ಅಂದೆ? ಆ ಕಡೆಯಿಂದ ಆಗ್ಲಿ. ಅಲ್ಲಿ ನಿಮಗೆ ಬೇಕಾದವರ ಕಾಂಪ್ಲೆಕ್ಸ್ ಇದೆ ಅಂತ ಇವರನ್ನ ಪಾಯಿಖಾನೆ ಪಕ್ಕ ನಿಲ್ಲಿಸ್ತೀರಾ? ನಾನಂತೂ ಏಳಲ್ಲ. ಎತ್ತೋದಾದ್ರೆ ಕುರ್ಚಿ ಸಮೇತ ಎತ್ತಿ!"

ಎರಡನೆಯ ದಿನ ಪಿಂಚಣಿಯ ಹವಾಲ್ದಾರರಿಬ್ಬರು ತಮ್ಮ ಕುರ್ಚಿ ತಂದರು. ಮೂರನೆಯ ದಿನ ಹೋಟೆಲಿನವರು ಬೆಂಚನ್ನೇ ಹೊತ್ತು ತಂದರು. ನಾಲ್ಕನೆಯ ದಿನ ಜೆಸಿಬಿ ಡ್ರೈವರ್ ಕೆಳಗಿಳಿದು ಬಂದು, ಅತ್ತೆಯ ಪಕ್ಕ ಕೂತು ಹುರುಳಿಕಾಯಿಗೆ ಕೈಹಾಕಿದ! ಕೊನೆಗೆ ರಸ್ತೆಯೇ ಕಲ್ಲಿನ ಮುಂದೆ ಒಂದಿಷ್ಟು ಬಳುಕಿ ಹೋಯಿತು. ಆ ತಿರುವಿಗೆ ಬಸ್ಸಿನವರು 'ಅಮ್ಮನ ಕರ್ವ್' ಎನ್ನುತ್ತಾರೆ.

ಮೊನ್ನೆ ಸಂಜೆ ಹೋದಾಗ ಅತ್ತೆ ಕಲ್ಲಿನೆದುರಿನ ಕಟ್ಟೆಯಲ್ಲಿ ಒಬ್ಬರೇ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತು ಕೀಟಲೆಗೆ ಕೇಳಿದೆ, "ಈ ವಯಸ್ಸಲ್ಲಿ ಎಷ್ಟು ಜನರ ಹತ್ರ ಜಗಳ ಅತ್ತೆ? ಅಷ್ಟೊಂದು ದೇಶಭಕ್ತಿಯಾ?"

"ದೇಶಭಕ್ತಿ ಎಂತದೋ" ಎಂದರು ಅತ್ತೆ. "ಮದುವೆಯಾಗಿ ಹನ್ನೆರಡು ವರ್ಷ ಅವರ ಹೆಂಡ್ತಿಯಾಗಿದ್ದೆ. ರಜೆಗೆ ಬಂದ ದಿನ ಎಲ್ಲಾ ಕೂಡಿಸಿದ್ರೂ ಎರಡು ವರ್ಷ ತುಂಬಲ್ಲ. ಬಂದಾಗೆಲ್ಲ ಮನೆತುಂಬ ನೆಂಟರು, ಮನಸು ಬಿಚ್ಚಿ ಒಂದು ಮಾತಾಡೋಕೆ ಆಗ್ತಿರ್ಲಿಲ್ಲ. ಈಗ ದಿನಾ ಸಂಜೆ ಒಂದು ಗಂಟೆ ಇಲ್ಲಿ ನಾವಿಬ್ರೇ. ಅದ್ರ ಮಧ್ಯನೂ ಯಾವನೋ ಹಲ್ಲು ಕಿರ್ಕೊಂಡು ಬಂದು ನಿಂತ್ರೆ ಸುಮ್ನಿರ್ಲಾ?"

ನಾನು ಮೆಲ್ಲಗೆ ಎದ್ದು, ರಸ್ತೆ ದಾಟಿ ಆಚೆ ಬದಿಯಲ್ಲಿ ಕುಳಿತೆ.