‘ಮರಳು’ ಎಂಬ ಪದವನ್ನು ಹಿಂಪಡೆಯುವ ಬಗ್ಗೆ

ಕಡಲತೀರ ಮರುಭರ್ತಿ ಪರಿಣಾಮ ವಿಭಾಗ
ಎರಡನೆಯ ಮಹಡಿ, ಗೈದರ್ಸ್‌ಬರ್ಗ್, ಮೇರಿಲ್ಯಾಂಡ್

ಸಂಖ್ಯೆ: ಕಮಪ/ಪದ/ನಿಷೇಧ/09/2024
ದಿನಾಂಕ: 6 ಮೇ 2024

ಸುತ್ತೋಲೆ

ವಿಷಯ: ಹವಳದ ದ್ವೀಪದ ಕಡಲತೀರ ಮರುಭರ್ತಿ ವರದಿಗಳಲ್ಲಿ ‘ಮರಳು’ ಎಂಬ ಪದವನ್ನು ಬಳಸದಿರುವ ಕುರಿತು.

ಉಲ್ಲೇಖ:
1. ಪರಿಸರ ಸಮೀಕ್ಷಕಿ ಶೈಲಜಾ ಅವರ ನೀರೊಳಗಿನ ಪರಿಶೀಲನಾ ಟಿಪ್ಪಣಿ, ದಿನಾಂಕ 22 ಏಪ್ರಿಲ್.
2. ಸದರಿ ಟಿಪ್ಪಣಿಯನ್ನು ಕಚೇರಿಯ ತಂತ್ರಾಂಶವು ಇಂಗ್ಲಿಷಿಗೆ ಮಾಡಿದ ಅನುವಾದ.
3. ಆ ಅನುವಾದವನ್ನು ಓದಿ ದ್ವೀಪದ ವಿಹಾರಧಾಮದವರು ಕಳುಹಿಸಿದ ಹೂಗುಚ್ಛ.
4. ನಿರ್ದೇಶಕರ ಮೌಖಿಕ ಆದೇಶ (ಆಲ್ಡಿ ಎಂಬ ಊರಿನ ತಮ್ಮ ಮನೆಯ ಹಿಂದಿನ ಡೆಕ್‌ನಿಂದ, ಫೋನ್ ಮೂಲಕ).

ಪ್ರಸ್ತಾವನೆ:

ಅಲೆಗಳು ಕೊರೆದುಹಾಕಿದ ಹವಳದ ದ್ವೀಪವೊಂದರ ದಡಕ್ಕೆ, ಪಕ್ಕದ ಕಡಲತಳದಿಂದಲೇ ಮರಳನ್ನು ಪಂಪಿನಿಂದ ಹೀರಿ ಸುರಿಯುವ ಕಾಮಗಾರಿಯ ಮೊದಲ ಹಂತ ಪಶ್ಚಿಮ ದಡದಲ್ಲಿ ಮುಗಿದಿದೆ. ಇದರಿಂದ ಪರಿಸರಕ್ಕೆ ಏನಾಯಿತೆಂದು ನೀರಿಗಿಳಿದು ನೋಡಿ ಬರಲು ಶೈಲಜಾ ಅವರನ್ನು ಕಳುಹಿಸಲಾಗಿತ್ತು. ಏನೂ ಆಗಿಲ್ಲವೆಂದು ನೋಡಿ ಬರಲಿ ಎಂಬುದು ವಿಭಾಗದ ಇಂಗಿತವಾಗಿದ್ದರೂ, ಆದೇಶದಲ್ಲಿ ಅದನ್ನು ಬರೆಯುವುದು ಕಣ್ತಪ್ಪಿನಿಂದ ಬಿಟ್ಟುಹೋಗಿತ್ತು. ಸದರಿಯವರು ಇದ್ದದ್ದನ್ನು ಇದ್ದ ಹಾಗೆಯೇ ನೋಡಿ ಬಂದಿದ್ದಾರೆ.

ವಿಭಾಗದ ಹದಿನಾಲ್ಕು ಮಂದಿಯಲ್ಲಿ ಹನ್ನೊಂದು ಮಂದಿ ಕನ್ನಡಿಗರಾಗಿರುವುದರಿಂದ ಒಳಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದು, ಅನುವಾದವನ್ನು ತಂತ್ರಾಂಶದ ಕೈಗೆ ಒಪ್ಪಿಸುವುದು ರೂಢಿ. ಶೈಲಜಾ ಬರೆದದ್ದು ಹೀಗಿತ್ತು: “ದಡದ ತುಂಬ ಮರಳು. ಮರಳು ಹವಳವನ್ನು ಪೂರ್ತಿ ಮುಚ್ಚಿದೆ. ಇಷ್ಟು ಮರಳನ್ನು ನಾನು ಎಲ್ಲೂ ನೋಡಿಲ್ಲ.” ತಂತ್ರಾಂಶವು ‘ಮರಳು’ ಎಂದರೆ ಹಿಂದಿರುಗುವುದು ಎಂದು ಬಗೆದು, ಎಲ್ಲ ಕಡೆಯೂ ‘ರಿಟರ್ನ್ಸ್’ ಎಂದು ಬರೆದಿಟ್ಟಿತು. ದಡದ ತುಂಬ ರಿಟರ್ನ್ಸ್, ಹವಳವನ್ನೇ ಮುಚ್ಚುವಷ್ಟು ರಿಟರ್ನ್ಸ್ ಎಂದು ಓದಿಕೊಂಡ ವಿಹಾರಧಾಮದವರು, ಹಾಕಿದ ಬಂಡವಾಳ ಇಷ್ಟು ಬೇಗ ಫಲ ಕೊಟ್ಟಿತಲ್ಲ ಎಂದು ಹಿಗ್ಗಿ, ಪೂರ್ವ ದಡದ ಎರಡನೆಯ ಹಂತವನ್ನು ಮೇ 14ರಂದೇ ಆರಂಭಿಸಲು ನಿರ್ಧರಿಸಿದ್ದಾರೆ.

ತಪ್ಪನ್ನು ತಿದ್ದುವ ಪತ್ರಕ್ಕೆ ಸಹಿ ಮಾಡುವ ಅಧಿಕಾರವಿರುವುದು ಉಪನಿರ್ದೇಶಕ ಗುರುಶಾಂತಪ್ಪನವರಿಗೆ. ಶೈಲಜಾ ಆ ಪತ್ರವನ್ನು ಸಿದ್ಧಪಡಿಸಿ ಅವರ ಮೇಜಿನ ಮೇಲಿಟ್ಟು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಸರ್, ಪಶ್ಚಿಮದ ಕಡೆ ಹವಳದ ರೀಫ್ ಹೋಯ್ತು, ಅದಕ್ಕೆ ನಾವಿನ್ನೇನೂ ಮಾಡಕ್ಕಾಗಲ್ಲ. ಪೂರ್ವದ ಕಡೇದು ಇನ್ನೂ ಬದುಕಿದೆ, ನಾನೇ ಡೈವ್ ಮಾಡಿ ನೋಡಿದ್ದೀನಿ. ಹದಿನಾಲ್ಕಕ್ಕೆ ಪಂಪ್ ಸ್ಟಾರ್ಟ್ ಮಾಡಿದ್ರೆ ಅದೂ ಹೋಗತ್ತೆ. ಒಂದೇ ಒಂದು ವರ್ಡ್ ಕರೆಕ್ಟ್ ಮಾಡಿ ಕಳಿಸಿ ಸರ್, ಸಾಕು.”

ಇದಕ್ಕೆ ನಿರ್ದೇಶಕ ಯಶವಂತ್ ಅವರ ಆದೇಶ: “ಗುರುಶಾಂತಪ್ಪನವ್ರೇ, ಕ್ಲೈಂಟ್ ಹ್ಯಾಪಿಯಾಗಿದ್ದಾರೆ, ಯಾಕೆ ಸುಮ್ನೆ ಡಿಸ್ಟರ್ಬ್ ಮಾಡ್ತೀರ? ಆ ವರ್ಡೇ ಪ್ರಾಬ್ಲಮ್ ಅಂದ್ರೆ ಆ ವರ್ಡನ್ನೇ ತೆಗೆದುಬಿಡಿ. ನಿಮ್ಮ ಗ್ರೀನ್ ಕಾರ್ಡ್ ಪೇಪರ್ಸ್ ನನ್ನ ಹತ್ರಾನೇ ಇದೆ, ನೋಡೋಣ.” ಇದನ್ನು ಕೇಳಿ ಗುರುಶಾಂತಪ್ಪನವರಿಗೆ ಭಯವೂ ಆಯಿತು, ನಾಚಿಕೆಯೂ ಆಯಿತು. ಭಯಕ್ಕೆ ಕಚೇರಿಯಲ್ಲಿ ಪ್ರತ್ಯೇಕ ಕಡತವಿದೆ. ನಾಚಿಕೆಗೆ ನಿಗದಿತ ನಮೂನೆ ಇಲ್ಲದಿರುವುದರಿಂದ ಇಲ್ಲಿಯೇ ನಮೂದಿಸಲಾಗಿದೆ.

ಆದ್ದರಿಂದ, ಅನುವಾದವನ್ನು ತಿದ್ದುವ ಬದಲು ಕನ್ನಡವನ್ನೇ ತಿದ್ದಲು ತೀರ್ಮಾನಿಸಲಾಗಿದ್ದು, ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ‘ಮರಳು’ ಎಂಬ ನಾಮಪದವನ್ನು ನಿಷೇಧಿಸಲಾಗಿದೆ. ಬದಲಿಗೆ ‘ದಡ ಸಾಮಗ್ರಿ’ ಎಂದು ಬರೆಯತಕ್ಕದ್ದು. ‘ಉಸುಕು’ ಎಂದು ಬರೆದರೆ ಸಾಲದೇ ಎಂದು ಧಾರವಾಡದ ಕಡೆಯ ಇಬ್ಬರು ನೌಕರರು ಕೇಳಿರುತ್ತಾರೆ. ಹಾಗೆ ಮಾಡಿದಲ್ಲಿ ಸಮಸ್ಯೆ ಬಗೆಹರಿದುಬಿಡುವ ಸಂಭವವಿರುವುದರಿಂದ ಮನವಿಯನ್ನು ತಿರಸ್ಕರಿಸಲಾಗಿದೆ.

2. ‘ಮರಳು’ ಎಂಬ ಕ್ರಿಯಾಪದಕ್ಕೂ ಈ ನಿಷೇಧ ಅನ್ವಯಿಸುತ್ತದೆ. ನೌಕರರು ಊಟಕ್ಕೆ ಹೋಗಬಹುದು; ಮರಳುವಂತಿಲ್ಲ. ರಜೆಯ ಮೇಲೆ ಮೈಸೂರಿಗೆ ಹೋಗಿದ್ದ ನಕ್ಷೆಗಾರ ಬದರಿನಾಥ ಅವರು ‘ಏಪ್ರಿಲ್ 29ರಂದು ಮರಳಿದ್ದೇನೆ’ ಎಂದು ಬರೆದುಕೊಟ್ಟಿರುವುದನ್ನು ಅಸಿಂಧುಗೊಳಿಸಲಾಗಿದೆ. ದಾಖಲೆಯ ಪ್ರಕಾರ ಅವರು ಇನ್ನೂ ಮೈಸೂರಿನಲ್ಲಿದ್ದು, ಕಾಫಿ ಯಂತ್ರದ ಬಳಿ ಎದುರಾದರೆ ಯಾರೂ ಮಾತನಾಡಿಸತಕ್ಕದ್ದಲ್ಲ.

3. ‘ಮರುಳು’ ಎಂಬ ಪದಕ್ಕೂ ಇದಕ್ಕೂ ಒಂದು ಕೊಂಬಿನಷ್ಟೇ ವ್ಯತ್ಯಾಸ. ಆದಕಾರಣ ಮರುಳಾಗುವುದಿದ್ದವರು ಕಚೇರಿ ವೇಳೆಯ ನಂತರ ಆಗತಕ್ಕದ್ದು.

4. ಹವಳ ಸತ್ತಿದೆ ಎಂದು ವರದಿ ಮಾಡುವವರು ಮರಣ ಪ್ರಮಾಣಪತ್ರವನ್ನು ಲಗತ್ತಿಸತಕ್ಕದ್ದು. ಅದರಲ್ಲಿ ಮೃತ ಹವಳದ ಪೂರ್ಣ ಹೆಸರು, ತಂದೆಯ ಹೆಸರು ಹಾಗೂ ಖಾಯಂ ವಿಳಾಸ ಕಡ್ಡಾಯ. ವಿಳಾಸವು ‘ದಡ ಸಾಮಗ್ರಿಯ ಕೆಳಗೆ’ ಎಂದಿದ್ದಲ್ಲಿ, ಸ್ಥಳ ಪರಿಶೀಲನೆಗೆ ಅಗೆಯಬೇಕಾಗುವುದರಿಂದ ಅರ್ಜಿಯನ್ನು ಸ್ವೀಕರಿಸಲಾಗುವುದಿಲ್ಲ.

5. ‘ನಾಲ್ಕು ತಿಂಗಳಾದರೂ ನೀರು ತಿಳಿಯಾಗಿಲ್ಲ, ಮಜ್ಜಿಗೆಯ ಹಾಗಿದೆ, ತಳಕ್ಕೆ ಬಿಸಿಲೇ ಇಳಿಯುತ್ತಿಲ್ಲ’ ಎಂಬ ಸಾಲನ್ನು ಕೈಬಿಡಲಾಗಿದೆ. ಮಜ್ಜಿಗೆ ಆಹಾರ ಪದಾರ್ಥವಾದ್ದರಿಂದ ಅದು ಬೇರೆ ಇಲಾಖೆಗೆ ಸೇರಿದ್ದು.

6. ಹೊಸ ದಡ ಗಟ್ಟಿಯಾಗಿ ಕೂತುಬಿಟ್ಟಿರುವುದರಿಂದ, ಮೊಟ್ಟೆಯಿಡಲು ಬಂದ ಆಮೆಯೊಂದು ಮೂರು ಕಡೆ ಕೆದಕಿ, ಗುಂಡಿ ತೋಡಲಾಗದೆ ಸಮುದ್ರಕ್ಕೆ ಹೋಯಿತೆಂದು ಟಿಪ್ಪಣಿಯಲ್ಲಿದೆ. ಸದರಿ ಆಮೆಯು ಪೂರ್ವಾನುಮತಿ ಇಲ್ಲದೆ ಬಂದಿದ್ದು, ಅಸಮಾಧಾನವಿದ್ದಲ್ಲಿ ಲಿಖಿತವಾಗಿ ತಿಳಿಸಬೇಕಿತ್ತು. ಮೊಟ್ಟೆಗಳು ಏನಾದವೆಂಬುದು ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ.

7. ಶೈಲಜಾ ಅವರು ಕೇಳದಿದ್ದರೂ ನೀಡಿದ ಮತ್ತೊಂದು ಹೇಳಿಕೆ: “ಸರ್, ಆ ದಡಕ್ಕೆ ಬಿಳಿ ಮರಳು ಮಾಡಿಕೊಡೋದೇ ಹವಳ. ಗಿಳಿಮೀನು ಹವಳದ ಕಲ್ಲು ಕಡಿದು ನುಂಗಿ ಹಿಂದಿನಿಂದ ಬಿಡತ್ತಲ್ಲ, ಅದೇ ಮರಳು. ಹವಳ ಹೋದ್ರೆ ಮೀನೂ ಹೋಗತ್ತೆ. ಆಮೇಲೆ ವರ್ಷಾ ವರ್ಷಾ ನಾವೇ ಪಂಪ್ ಮಾಡ್ತಾ ಕೂತ್ಕೋಬೇಕು.” ವರ್ಷಾವರ್ಷವೂ ಪಂಪ್ ಮಾಡುವ ಅವಕಾಶವನ್ನು ನಿರ್ದೇಶಕರು ತುಂಬುಹೃದಯದಿಂದ ಸ್ವಾಗತಿಸಿದ್ದಾರೆ. ವಿಹಾರಧಾಮಕ್ಕೆ ಮಧುಚಂದ್ರಕ್ಕೆಂದು ಬಂದ ದಂಪತಿಗಳು ಯಾವುದರ ಮೇಲೆ ಮಲಗಿ ಬಿಸಿಲು ಕಾಯಿಸುತ್ತಿದ್ದಾರೆಂಬುದನ್ನು ಅವರಿಗೆ ಯಾವ ಭಾಷೆಯಲ್ಲೂ ತಿಳಿಸತಕ್ಕದ್ದಲ್ಲ.

ಈ ಹೇಳಿಕೆಯನ್ನು ದಾಖಲಿಸುವಾಗ ಗುರುಶಾಂತಪ್ಪನವರು ಕಡತದಲ್ಲಿದ್ದ ಪೂರ್ವ ದಡದ ಫೋಟೋಗಳನ್ನು ತೆರೆದು ನೋಡಿರುತ್ತಾರೆ. ಹನ್ನೆರಡು ವರ್ಷಗಳಿಂದ ಹವಳದ ವರದಿಗಳಿಗೆ ಸಹಿ ಹಾಕುತ್ತ ಬಂದಿದ್ದರೂ, ಬದುಕಿರುವ ಹವಳವನ್ನು ಅವರು ಗಮನವಿಟ್ಟು ನೋಡಿದ್ದು ಇದೇ ಮೊದಲು. ಅದು ಬಹಳ ಚೆನ್ನಾಗಿತ್ತು. ಅದರ ಸಂದಿಯಲ್ಲೊಂದು ಹಸಿರು ಗಿಳಿಮೀನು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಇದು ಅವರ ವೈಯಕ್ತಿಕ ಅಭಿಪ್ರಾಯವಾಗಿದ್ದು, ವಿಭಾಗಕ್ಕೆ ಸಂಬಂಧಿಸಿರುವುದಿಲ್ಲ.

8. ಯಾವ ವಾಕ್ಯಗಳನ್ನು ಬರೆಯಬಾರದೆಂಬ ಬಗ್ಗೆ ಯಾರಿಗೂ ಗೊಂದಲ ಉಂಟಾಗಬಾರದು. ಆ ಸಲುವಾಗಿ ನಿಷೇಧಿತ ವಾಕ್ಯಗಳನ್ನು ಪೂರ್ಣವಾಗಿ ಕೆಳಗೆ ಕೊಡಲಾಗಿದೆ:

(ಅ) ವಿಹಾರಧಾಮಕ್ಕೆ ಕಳುಹಿಸಿದ ಅನುವಾದದಲ್ಲಿ ‘ರಿಟರ್ನ್ಸ್’ ಎಂದಿರುವ ಕಡೆಯಲ್ಲೆಲ್ಲ ‘ಸ್ಯಾಂಡ್’ ಎಂದು ಓದಿಕೊಳ್ಳಬೇಕು.
(ಆ) ಪಶ್ಚಿಮ ದಡದ ಹವಳ ಮರಳಿನಡಿ ಸಿಕ್ಕಿ ಸತ್ತಿದೆ.
(ಇ) ಪೂರ್ವ ದಡದ ಹವಳ ಬದುಕಿದೆ. ಮೇ 14ರಂದು ಪಂಪ್ ಚಾಲೂ ಮಾಡಿದರೆ ಅದೂ ಸಾಯುತ್ತದೆ.
(ಈ) ಇದು ನಮ್ಮ ವಿಭಾಗಕ್ಕೆ ಗೊತ್ತಿದೆ.

ಮೇಲಿನ ವಾಕ್ಯಗಳನ್ನು ಯಾರೂ, ಯಾವ ಕಾರಣಕ್ಕೂ, ಯಾರಿಗೂ ಬರೆಯತಕ್ಕದ್ದಲ್ಲ. ಅವುಗಳೊಂದಿಗೆ ಲಗತ್ತಿಸಬಾರದ ಹದಿನೆಂಟು ಫೋಟೋಗಳನ್ನು ಗುರುತಿಸಲು ಅನುಕೂಲವಾಗಲೆಂದು ಈ ಸುತ್ತೋಲೆಗೆ ಲಗತ್ತಿಸಲಾಗಿದೆ.

9. ನಿಷೇಧದ ವಿಷಯ ತಿಳಿದಿರಲಿಲ್ಲವೆಂದು ಮುಂದೆ ಯಾರೂ ಹೇಳುವಂತಾಗಬಾರದು. ಆದ್ದರಿಂದ ಸುತ್ತೋಲೆಯನ್ನು ಸಂಬಂಧಪಟ್ಟವರೆಲ್ಲರಿಗೂ ಪೂರ್ಣವಾಗಿ, ಲಗತ್ತುಗಳ ಸಮೇತ ಮುಟ್ಟಿಸತಕ್ಕದ್ದು.

ಸಹಿ/-
ಗುರುಶಾಂತಪ್ಪ
ಉಪನಿರ್ದೇಶಕರು
(ಬಹುಶಃ ಮೇ 13ರವರೆಗೆ)

ಪ್ರತಿಗಳು:

1. ದ್ವೀಪ ಸರ್ಕಾರದ ಪರವಾನಗಿ ಅಧಿಕಾರಿಗಳಿಗೆ: ಏನನ್ನು ಓದಬಾರದೆಂಬ ಮಾಹಿತಿಗಾಗಿ.
2. ವಿಹಾರಧಾಮದ ಆಡಳಿತ ಮಂಡಳಿಯ ಪ್ರತಿಯೊಬ್ಬ ಸದಸ್ಯರಿಗೆ: ಗೊತ್ತಿರಲಿಲ್ಲವೆಂದು ಹೇಳಲು ಇನ್ನು ಮುಂದೆ ಅವಕಾಶವಿರದಂತೆ.
3. ದ್ವೀಪದ ಎರಡೂ ಪತ್ರಿಕೆಗಳ ಸಂಪಾದಕರಿಗೆ: ಪ್ರಕಟಿಸದಿರಲು, ಮೊದಲ ಪುಟದಲ್ಲಂತೂ ಖಂಡಿತ.
4. ಲಾರೆನ್ಸ್‌ವಿಲ್ ಶಾಖೆಗೆ: ಸೂಚನಾ ಫಲಕದಲ್ಲಿ ಅಂಟಿಸಲು.
5. ನಿರ್ದೇಶಕರಿಗೆ: ಸಾದಾ ಅಂಚೆಯಲ್ಲಿ; ತಲುಪಲು ಒಂದು ವಾರ ಹಿಡಿದರೂ ಅಡ್ಡಿಯಿಲ್ಲ.
6. ಶೈಲಜಾ ಅವರಿಗೆ: ಕ್ರಮಸಂಖ್ಯೆ 1ರಿಂದ 3ರವರೆಗಿನ ಪ್ರತಿಗಳನ್ನು ತಂತ್ರಾಂಶದ ಕೈಗೆ ಕೊಡದೆ, ತಾವೇ ಕೂತು ಇಂಗ್ಲಿಷಿಗೆ ಅನುವಾದಿಸಿ ಇಂದೇ ಕಳುಹಿಸಲು. ನನ್ನನ್ನು ಮತ್ತೆ ಕೇಳುವ ಅಗತ್ಯವಿಲ್ಲ.