ಪ್ರಳಯಾನಂತರದ ಜೀಪು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೈಯಲು ಅನುಕೂಲ. ಸ್ಕೈಲ್ಯಾಬ್ ಎಂಬ ಅಮೆರಿಕದ ಅಟ್ಟಣಿಗೆ ಆಕಾಶದಿಂದ ಕಳಚಿ ಇನ್ನೇನು ನಮ್ಮ ತಲೆಯ ಮೇಲೇ ಬೀಳುತ್ತದೆಂದು ಬೆಳಗಾವಿಯೆಲ್ಲ ಮಾತಾಡುತ್ತಿದ್ದ ದಿನಗಳವು. "ಕಾಕಾ, ಜಗತ್ತು ಮುಳುಗಿ ನಾವಷ್ಟ ಉಳದ್ರ ಏನ್ ಮಾಡೂದ್ರಿ?" ಎಂದು ಕೇಳಿದ ಮೂರ್ಖ ನಾನೇ. ಬೇರೆ ಯಾರ ಕಾಕಾ ಆಗಿದ್ದರೂ "ಸುಮ್ನ ಓದ್ಕೋ ಹೋಗು" ಎಂದು ಗದರುತ್ತಿದ್ದರು. ನಮ್ಮ ಕಾಕಾ ಎದ್ದುಹೋಗಿ ಗೋಡೆಯ ಕ್ಯಾಲೆಂಡರ್ ಹರಿದುಕೊಂಡು ಬಂದರು!

ಈ ಭೂಮಂಡಲದಲ್ಲಿ ಪ್ರಳಯಕ್ಕೆ ಸಂಪೂರ್ಣ ತಯಾರಾಗಿದ್ದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಕಾಕಾ. ಮಳೆಗೆ ಕೊಡೆ ಒಯ್ಯುವುದು ಮಾತ್ರ ಅವರಿಗೆ ಒಂದು ದಿನವೂ ನೆನಪಾಗುತ್ತಿರಲಿಲ್ಲ.

ಕ್ಯಾಲೆಂಡರಿನ ಬೆನ್ನ ಮೇಲೆ ಅವರು ಅನಗೋಳದ ನಮ್ಮ ಮನೆಯಿಂದ ಖಾನಾಪುರದವರೆಗೆ ರಸ್ತೆ ಎಳೆದರು. ಪೀರನವಾಡಿ, ಮಚ್ಛೆ, ದೇಸೂರು, ಇದಲಹೊಂಡ, ಒಂದೊಂದಕ್ಕೂ ಒಂದು ಚೌಕ. ಚೌಕಾಬಾರಾದ ಕವಡೆ ತಂದಿಟ್ಟರು. ಆಟ ಇಷ್ಟೇ: ಜಗತ್ತು ಮುಳುಗಿದೆ. ನಿಮ್ಮ ತಂಡದಲ್ಲಿ ಐದು ಜನ ಉಳಿದಿದ್ದೀರಿ. ಗಾಡಿ ಹೊಂದಿಸಿ, ಸಾಮಾನು ತುಂಬಿ, ಖಾನಾಪುರ ಮುಟ್ಟಿ. ಅಲ್ಲಿ ಹೊಳೆ ಇದೆ, ಕಾಡಿದೆ, ಬದುಕಿಕೊಳ್ಳಬಹುದು. ಒಂದು ತಂಡ ನನ್ನದು, ಇನ್ನೊಂದು ನನ್ನ ಕಾಲೇಜಿನ ಗೆಳೆಯ ರಫೀಕನದು. ಕಾಕಾ ಯಾವ ತಂಡದಲ್ಲೂ ಇಲ್ಲ. ಕಾಕಾ ಸಾಕ್ಷಾತ್ ವಿಧಿ! ಕವಡೆ ಬಿದ್ದಂತೆ ಸೇತುವೆ ಮುರಿಯುವುದು, ಟಯರು ಒಡೆಯುವುದು, ನಮ್ಮನ್ನು ಕೊಲ್ಲುವುದು ಎಲ್ಲ ಅವರ ಬಾಯಲ್ಲಿತ್ತು. ಪೇಟೆಯ ಸ್ಪೇರ್ ಪಾರ್ಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವರಿಗೆ ಜೀಪಿನ ಬೋಲ್ಟು ಬೋಲ್ಟಿನ ಹೆಸರೂ ಗೊತ್ತು. ಓಡಿಸಲು ಬರುತ್ತಿದ್ದುದು ಸೈಕಲ್ ಒಂದೇ. ಅದನ್ನೂ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು ನಡೆಯುತ್ತಿದ್ದರು.

ಆಟ ನಡೆಯುತ್ತಿದ್ದುದು ಪಡಸಾಲೆಯಲ್ಲಿ, ಆಯಿಯ ಹೊರಸಿನ ಪಕ್ಕ. ಆಯಿ ಎಂದರೆ ಕಾಕಾನ ಅವ್ವ, ನನ್ನ ಅಜ್ಜಿ. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವಳ ತೊಡೆಯ ಎಲುಬು ನೆಟ್ಟಗೆ ಕೂಡಿರಲಿಲ್ಲ. ಗೋಡೆ ಹಿಡಿದುಕೊಂಡು ಅದೇ ಬಚ್ಚಲಿಗೆ ಹೋಗಿಬರುವುದೇ ಅವಳ ಪ್ರವಾಸ. ಬೀದಿಯ ಹೊಸ್ತಿಲು ದಾಟದೆ ಯಾವ ಕಾಲವೋ ಆಗಿತ್ತು. ಖಾನಾಪುರ ಅವಳ ತವರು. ಅಲ್ಲಿ ಅವಳ ತಮ್ಮನಿದ್ದ. ಅವನಿಗೂ ಕಣ್ಣು ಮಂಜಾಗಿ ಇತ್ತ ಬರಲಾಗುತ್ತಿರಲಿಲ್ಲ. "ಒಮ್ಮಿ ಹೋಗಿ ಅವನ ಮಾರಿ ನೋಡಿ ಬರ್ತಿದ್ನಿ" ಎಂದು ಅವಳು ಅಂದಾಗಲೆಲ್ಲ ಅಪ್ಪ, "ಮಳಿಗಾಲ ಮುಗೀಲಿ ಅವ್ವಾ" ಎನ್ನುತ್ತಿದ್ದರು. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತಲ್ಲ! ಅದು ಮುಗಿಯುವ ಹೊತ್ತಿಗೆ ದೀಪಾವಳಿ ಬರುತ್ತದೆ, ಆಮೇಲೆ ಯಾರದೋ ಮದುವೆ, ಆಮೇಲೆ ಮತ್ತೆ ಮೋಡ.

ಹಾಗಾಗಿ ನಮ್ಮ ಆಟದ ನಡುವೆ ಆಯಿ ಆಗಾಗ ತಲೆಯೆತ್ತಿ ಕೇಳುತ್ತಿದ್ದಳು, "ಯಾರರ ಮುಟ್ಟಿದ್ರೇನೋ ಖಾನಾಪುರಾನ?"

"ಇಲ್ಲಬೇ ಅವ್ವಾ. ದೇಸೂರಾಗ ಸತ್ರು" ಎನ್ನುತ್ತಿದ್ದರು ಕಾಕಾ, ಕರುಣೆಯಿಲ್ಲದೆ.

ಮೊದಲ ಆಟದಲ್ಲೇ ನಾನು ಶಾಣ್ಯಾನಂತೆ ಕ್ಯಾಂಪಿನ ಮಿಲಿಟರಿ ಲಾರಿಯನ್ನು ಎತ್ತಿದೆ. ಮಿಲಿಟರಿಯಿರುವ ಊರಲ್ಲಿ ಹುಟ್ಟಿ ಅಷ್ಟೂ ಮಾಡದಿದ್ದರೆ ಹೇಗೆ? ಕಾಕಾ ಎರಡು ಸಲ ಕೆಮ್ಮಿದರು. (ತೀರ್ಪಿಗೆ ಮುಂಚಿನ ಆ ಕೆಮ್ಮನ್ನು ಈಗಲೂ ಯಥಾವತ್ತಾಗಿ ಮಾಡಿ ತೋರಿಸಬಲ್ಲೆ. ನಮ್ಮ ಓಣಿಯಲ್ಲಿ ನಾನು ಅಣಕಿಸದ ಗಂಟಲಿಲ್ಲ. ನನ್ನದೇ ಗಂಟಲು ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.)

"ಮಿಲಿಟರಿ ಲಾರಿ ನಿನಗ್ಯಾರ್ ಕೊಟ್ರು?"

"ಜಗತ್ತ ಮುಳುಗೇತಲ್ರಿ ಕಾಕಾ, ಕೇಳೂರ್ಯಾರು?"

"ನೀವು ಐದ ಮಂದಿ ಉಳದೀರಿ ಅಂದ್ರ ಐದ ಮಂದಿ ಸಿಪಾಯಿಗೋಳೂ ಉಳದಿರ್ತಾರ. ಕರದು ಲಾರಿ ಕೊಡಾಕ ಅವರೇನ್ ನಿಮ್ಮ ಬೀಗರೇನು? ಸಾದಾ ಮಂದಿ ಗಾಡಿ ತಗೋ. ಅದನ್ನೂ ಮಾಲಕರನ್ನ ಕೇಳಿ ತಗೋ."

ಕೇಳಿ! ಸ್ವಲ್ಪ ಇಲ್ಲಿ ನಿಲ್ಲಿ, ಸ್ವಾಮಿ. ಪ್ರಳಯದ ನಂತರ ಒಯ್ಯುವ ಗಾಡಿಗೆ ಪ್ರಳಯಕ್ಕೆ ಮುಂಚೆಯೇ ಮಾಲೀಕರ ಮನೆಗೆ ಹೋಗಿ ಒಪ್ಪಿಗೆ ತರಬೇಕಂತೆ! ಆಟದಲ್ಲಲ್ಲ, ಖರೇ ಖರೇ, ಕಾಲಿಗೆ ಚಪ್ಪಲಿ ಹಾಕಿಕೊಂಡು! ಇಂಥ ಕಾನೂನು ಯಾವ ರಾಜನ ಕಾಲದಲ್ಲಿತ್ತು? "ಕಯಾಮತ್ ಬಂದಾಗ ಯಾರರ ಪರ್ಮಿಶನ್ ಕೇಳ್ತಾರೇನ್ ಕಾಕಾ?" ಎಂದು ರಫೀಕ್ ಗೋಗರೆದ. ವಿಧಿ ಕೆಮ್ಮಿತು. ನಾವು ಹೊರಟೆವು.

ನಮ್ಮ ಓಣಿಯ ತುದಿಯಲ್ಲಿ ಜೀಪಿದ್ದ ಸಾವುಕಾರರೊಬ್ಬರಿದ್ದರು. ಎಲೆಗೆ ಸುಣ್ಣ ಹಚ್ಚುತ್ತ ಕಟ್ಟೆಯ ಮೇಲೆ ಕೂತಿದ್ದರು. ನಾನು ವಿನಯದಿಂದ ಕೈಮುಗಿದೆ.

"ಸಾವ್ಕಾರ್ರ, ಜಗತ್ತು ಮುಳುಗಿದ ಮ್ಯಾಲ ನಿಮ್ಮ ಜೀಪು ನಾವು ಒಯ್ಯಬಹುದೇನ್ರಿ?"

ಅವರು ದೊಡ್ಡ ಮನಸ್ಸಿನವರು. "ಒಯ್ರೆಪಾ, ಅದಕ್ಕೇನು. ಆದ್ರ ನಾ ಎಲ್ಲಿ ಕುಂಡ್ರಲಿ? ಮುಂದೋ, ಹಿಂದೋ?"

ನಾನು ಸತ್ಯವಂತ. "ನೀವು ಇರೂದಿಲ್ರಿ. ಉಳಿಯೂದು ಐದ ಮಂದಿ, ಐದೂ ಭರ್ತಿ ಆಗೇತ್ರಿ."

ಸಾವುಕಾರರು ನಮ್ಮನ್ನು ಓಣಿಯ ಇನ್ನೊಂದು ತುದಿಯವರೆಗೆ ಅಟ್ಟಿಸಿಕೊಂಡು ಬಂದರು. ಅದೇ ಜೀಪಿನಲ್ಲಿ!

ರಫೀಕನ ಪಾಡು ಚೆನ್ನಾಗಿತ್ತು. ವಡಗಾವಿಯ ಮಗ್ಗಗಳಿಗೆ ನೂಲಿನ ಗಂಟು ಸಾಗಿಸುವ ಟೆಂಪೋ ಅವನ ಅಪ್ಪನದೇ. "ಅಬ್ಬಾ ಹ್ಞೂಂ ಅಂದಾರ. ನಿಮ್ಮ ಕಾಕಾಗ ಸಲಾಮ್ ಹೇಳು ಅಂದಾರ" ಎಂದು ಎದೆಯುಬ್ಬಿಸಿ ಬಂದ. ನನಗೆ ಗಾಡಿಯಿಲ್ಲದ್ದರಿಂದ ಆ ಸಲ ಇಬ್ಬರದೂ ಒಂದೇ ತಂಡ. ಟೆಂಪೋ ಇದೆ, ಹಗ್ಗವಿದೆ, ಬ್ಯಾಟರಿಯಿದೆ, ಅಕ್ಕಿಯಿದೆ, ನಮ್ಮವ್ವನನ್ನು ಕಾಡಿ ಬೇಡಿ ಪಂಪ್ ಸ್ಟೋವೂ ತಂಡಕ್ಕೆ ಸೇರಿಸಿದ್ದಾಯಿತು. ಮಚ್ಛೆ ದಾಟಿದೆವು. ಕವಡೆ ಬಿತ್ತು. ಕೆಮ್ಮು ಕೇಳಿಸಿತು.

"ಸ್ಟೋದ ತೂತು ಕಟಗೊಂತು. ಪಿನ್ ತಂದೀರೇನು?"

ಪಿನ್ ತಂದಿರಲಿಲ್ಲ. ಕಾಕಾ ನಮ್ಮನ್ನು ಹಸಿ ಅಕ್ಕಿ ತಿನ್ನಿಸಿ, ಹೊಟ್ಟೆ ಕೆಡಿಸಿ, ದೇಸೂರಿನ ಚೌಕದಲ್ಲಿ ಮಲಗಿಸಿಬಿಟ್ಟರು. ಏನನ್ಯಾಯ ನೋಡಿ! ಆಕಾಶ ಕಳಚಿ ಬಿದ್ದರೂ ಸಾಯದ ಜನ, ಸ್ಟೋವಿಗೆ ಚುಚ್ಚುವ ಒಂದು ಪಿನ್ನಿಲ್ಲದೆ ಸಾಯಬೇಕೆ? ಸುತ್ತಲೂ ಕಾಡಿರುವಾಗ ಕಟ್ಟಿಗೆ ಒಟ್ಟಿ ಅನ್ನ ಮಾಡುತ್ತೇವೆಂದರೆ, "ಮಳಿಗಾಲ. ಕಟಗಿ ಹಸಿ" ಎಂದುಬಿಟ್ಟರು. ಪ್ರಳಯವೂ ಮಳೆಗಾಲದಲ್ಲೇ ಆಗಬೇಕಂತೆ! ಈಗಲೂ ನಾನು ಊರಿಗೆ ಹೊರಟರೆ ಅಂಗಿಯ ಕಿಸೆಯಲ್ಲಿ ಸ್ಟೋವಿನ ಪಿನ್ ಇರುತ್ತದೆ. ಸ್ಟೋವ್ ಇರುವುದಿಲ್ಲ.

ಇದನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆವೇನೋ. ಸಹಿಸಲಾಗದೆ ಹೋದದ್ದು ಐದನೆಯವರನ್ನು.

ನಮ್ಮ ತಂಡದ ನಾಲ್ವರು ಯಾರಾದರೂ ಆಗಲಿ, ನಮ್ಮಿಷ್ಟ. ಐದನೆಯವರನ್ನು ಮಾತ್ರ ಆಮೇಲಿನ ಆಟಗಳಲ್ಲಿ ಕಾಕಾನೇ ಕೊಡತೊಡಗಿದರು. ಹೆಸರಿಲ್ಲ, ಊರಿಲ್ಲ. ಎಡಗಾಲು ಮಡಚುವುದಿಲ್ಲ. ಎತ್ತರ ಹತ್ತಲಾಗುವುದಿಲ್ಲ. ಗಾಡಿ ಕುಲುಕಿದರೆ ನೋವು. ಎರಡೂ ತಂಡಗಳಲ್ಲಿ ಇದೇ ಮಹಾಶಯರು! ಇವರಿಗಾಗಿ ಕಾಕಾ ಕಿಸೆಯಲ್ಲಿ ಒಂದು ದಾರ ಇಟ್ಟುಕೊಂಡಿದ್ದರು. ದಾರದಲ್ಲಿ ಒಂದು ಗಂಟು. ಅಂಗಡಿಗೆ ಬಂದ ಗಾಡಿಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ನೆಲದಿಂದ ಮೆಟ್ಟಿಲಿನವರೆಗೆ ಆ ದಾರ ಹಿಡಿಯುತ್ತಿದ್ದರು. ಗಿರಾಕಿಗಳು ಇವರನ್ನು ಏನೆಂದುಕೊಂಡರೋ! ಸಾವುಕಾರರನ್ನು ಸಮಾಧಾನ ಮಾಡಿ ಜೀಪಿಗೆ ಒಪ್ಪಿಗೆ ತಂದವರೂ ಕಾಕಾನೇ, ದಾರ ಹಿಡಿದು "ಗಂಟಿಗಿಂತ ಎತ್ತರ ಐತಿ, ನಡಿಯೂದಿಲ್ಲ" ಎಂದು ಅದನ್ನು ಹೊಡೆದುಹಾಕಿದವರೂ ಕಾಕಾನೇ. ಟೆಂಪೋ? "ಎತ್ತರ." ಹಾಲಿನ ವ್ಯಾನು? "ಎತ್ತರ." ಸ್ಕೂಟರು? "ಕಾಲ್ ಹ್ಯಾಂಗ ಮಡಚ್ತಾರೋ, ಖೋಡಿ?"

ಒಂದು ರವಿವಾರ ಮಧ್ಯಾಹ್ನ, ಬೇರೆ ಗಾಡಿ ಸಿಗದೆ ತಗ್ಗಿನ ತಳ್ಳುಗಾಡಿ ಹಿಡಿದು ಹೊರಟ ನನ್ನ ತಂಡ ಇದಲಹೊಂಡ ದಾಟಿತು. ಖಾನಾಪುರ ಇನ್ನೊಂದೇ ಚೌಕ! ಅಪ್ಪ ಸಹ ಪೇಪರು ಮಡಚಿಟ್ಟು ನೋಡುತ್ತಿದ್ದರು. ಆಯಿ ಹೊರಸಿನ ಮೇಲೆ ಎದ್ದು ಕೂತಿದ್ದಳು. ಕಾಕಾ ಕೆಮ್ಮಿದರು.

"ಗಾಡಿ ಕೆಟ್ಟೈತಿ. ಹಿಂದ ಒಂದು ಲಾರಿ ನಿಂತೈತಿ, ಅದರಾಗ ಹೋಗಬೇಕು. ಆದ್ರ ಐದನೇದವರಿಗೆ ಲಾರಿ ಹತ್ತಾಕ ಬರೂದಿಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಹಂಗಾರ ಅವರನ್ನ ಅಲ್ಲೇ ಬಿಟ್ಟ ಹೋಗ್ತೀವ್ರಿ! ಒಬ್ಬರ ಸಂಬಂಧ ನಾಕು ಮಂದಿ ಸಾಯೂದೇನು? ನೋಡ್ರಿಲ್ಲೆ, ಇವರೇ ನಿಮ್ಮ ಐದನೇದವರು!" ಎಂದು ಎದ್ದುನಿಂತೆ. ಅಣಕಿಸುವುದು ನನ್ನ ವಿದ್ಯೆ ತಾನೇ? ಕಾಕಾ ಹೇಳಿದಂತೆಯೇ ಎಡಗಾಲು ಮಡಚದೆ ಎಳೆದೆ. ಬಲಗೈಯಲ್ಲಿ ಗೋಡೆ ತಡವಿದೆ. ಬಾಗಿಲ ಚೌಕಟ್ಟಿನ ಹತ್ತಿರ ನಿಂತು ಉಸಿರು ಬಿಟ್ಟು "ಶಿವನೇ" ಎಂದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಬಾಯಿಗೆ ತಾನಾಗಿ ಬಂತು. ರಫೀಕನ ನಗು ಅರ್ಧಕ್ಕೆ ನಿಂತಿತು. ನನ್ನ ಕಾಲೂ ನಿಂತಿತು. ಆ ನಡಿಗೆ, ಆ ಗೋಡೆ, ಆ "ಶಿವನೇ" ಯಾರದೆಂದು ನನ್ನ ಮೈಗೆ ನನಗಿಂತ ಮೊದಲೇ ಗೊತ್ತಿತ್ತು. ಬಚ್ಚಲಿಗೆ ಹೋಗುವ ದಾರಿಯಲ್ಲಿ ಅದನ್ನು ದಿನವೂ ನೋಡುತ್ತಿದ್ದೆನಲ್ಲ!

ಕಾಕಾ ಕಿಸೆಯಿಂದ ದಾರ ತೆಗೆದು ಬೆರಳಿಗೆ ಸುತ್ತುತ್ತ ಕೂತರು. ಆ ಗಂಟು ಆಯಿಯ ಕಾಲು ಎಷ್ಟೆತ್ತರ ಏಳುತ್ತದೋ ಅಷ್ಟೆತ್ತರದಲ್ಲಿತ್ತು. ಇಷ್ಟು ತಿಂಗಳು ನಾವು ಆಡುತ್ತಿದ್ದೆವು, ಈ ಮನುಷ್ಯ ಹುಡುಕುತ್ತಿದ್ದರು.

"ಗಾಡಿ ಸಿಗವಲ್ದಬೇ ಅವ್ವಾ" ಎಂದರು ಮೆಲ್ಲಗೆ. "ಎಲ್ಲಾ ಎತ್ತರ ಅದಾವ."

ಅಪ್ಪ ಮಳೆಗಾಲದ ಮಾತೆತ್ತಲು ಬಾಯಿ ತೆರೆದು ಮುಚ್ಚಿಕೊಂಡರು. ಮುಂದಿನ ರವಿವಾರವೇ ರಫೀಕನ ಅಪ್ಪನ ಟೆಂಪೋ ನಮ್ಮ ಬಾಗಿಲಿಗೆ ಬಂತು. ಅಪ್ಪ, ಕಾಕಾ, ರಫೀಕ್, ನಾನು ಹೊರಸಿನ ಒಂದೊಂದು ಕಾಲು ಹಿಡಿದೆವು. ನೂಲಿನ ಗಂಟುಗಳ ನಡುವೆ ಮಹಾರಾಣಿಯಂತೆ ಕೂತು ಆಯಿ ಖಾನಾಪುರ ಮುಟ್ಟಿದಳು. ಕಾಕಾ ಪಿನ್ ಸಮೇತ ಸ್ಟೋವ್ ಹಿಡಿದು ಪಕ್ಕದಲ್ಲಿದ್ದರು. ಎತ್ತರವೆಂದು ಹೊಡೆದುಹಾಕಿದ್ದ ಟೆಂಪೋ ಬಾರದೆ ಏನು ಮಾಡೀತು? ಹಿಂದಿನ ರವಿವಾರ ಆಟ ನಿಂತಲ್ಲೇ ಆಯಿ ನಮ್ಮ ನಾಲ್ವರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿ ಹೇಳಿದ ಮಾತಿಗೆ ನಮ್ಮ ವಿಧಿಯೇ ಕವಡೆ ಕೆಳಗಿಟ್ಟು ಎದ್ದಿತ್ತು:

"ಸತ್ತ ಮ್ಯಾಲ ಹೆಂಗೂ ನಾಕು ಮಂದಿ ಎತ್ತೇ ಎತ್ತತೀರಲ್ರೋ. ಜೀವ ಇದ್ದಾಗ ಒಮ್ಮಿ ಎತ್ರಿ, ದಾರೀನರ ನೋಡಕೋತ ಹೋಗ್ತೀನಿ!"