ಕೋಡಿನವರಿಗೆ ಬನ್ನಿ ಕೊಟ್ಟದ್ದು

ಮನುಷ್ಯರು ಒಂದು ಬಣ ಸೇರಲು ಏನಾದರೂ ಕಾರಣ ಇರಬೇಕು ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ಮೊದಲು ಸೇರುತ್ತಾರೆ, ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ. ಇಂಡಿ ತಾಲೂಕಿನ ಹಳ್ಳಿಯಿಂದ ನನ್ನನ್ನು ಸಿಂದಗಿಗೆ ಕೊಟ್ಟಾಗ ನಮ್ಮಪ್ಪ ಊರೆಲ್ಲ ಹೇಳಿಕೊಂಡು ಬಂದದ್ದು "ಮನೆತನ ಚಲೋ ಐತಿ" ಎಂದು. ನಿಜ ಹೇಳಬೇಕೆಂದರೆ ಅವನು ನೋಡಿದ್ದು ಅವರ ಕೊಟ್ಟಿಗೆಯಲ್ಲಿ ಕಟ್ಟಿದ ಎರಡು ಎತ್ತುಗಳನ್ನು. ಕೋಡು ನೋಡಿದ, ಬೆನ್ನ ಮೇಲಿನ ಹಿಣಿಲು ಸವರಿದ, ಹೆಣ್ಣು ಕೊಟ್ಟೆ ಎಂದ. ಮೂರನೆಯ ವರ್ಷಕ್ಕೆ ಆ ಎತ್ತುಗಳನ್ನು ಮಾರಿದರು. ನಾನು ಅಲ್ಲಿಯೇ ಉಳಿದೆ. ಬಸವನ ಬಾಗೇವಾಡಿಯಲ್ಲಿ ನನ್ನ ನೆಗೆಣ್ಣಿ, ಅಂದರೆ ಓರಗಿತ್ತಿ, ಶಾಂತವ್ವ ಇದ್ದಾಳೆ. ಹನ್ನೊಂದು ವರ್ಷದ ಹಿಂದೆ ಒಂದು ಮದುವೆಯಲ್ಲಿ, ನಾಲ್ಕು ಮಂದಿಯ ಎದುರಿಗೆ, ನನ್ನ ರೊಟ್ಟಿ ದಪ್ಪ ಎಂದಳು. ಅಂದಿನಿಂದ ಮಾತಿಲ್ಲ. ಆದರೆ ಅದು ಬೇರೆ ವಿಷಯ. ಅದಕ್ಕೆ ಕಾರಣ ಇದೆ.

ನಾನು ಹೇಳಬೇಕೆಂದಿರುವುದು ಮೊಬೈಲಿನ ಒಂದು ಆಟದ ಸಂಗತಿ. ನಾನು ಕಲಿತದ್ದು ಮೂರನೆಯ ಇಯತ್ತೆ, ಅದೂ ಅರ್ಧ. ನನ್ನಂಥವಳು ಇಂಥದ್ದರ ಬಗ್ಗೆ ಬರೆಯುವುದು ನೋಡಿ ನಗುವವರು ನಗಲಿ. ಆಟ ಆಡುವವರಿಗಿಂತ ಪಕ್ಕದಲ್ಲಿ ಕೂತು ನೋಡುವವರಿಗೆ ಹೆಚ್ಚು ಕಾಣುತ್ತದೆ, ಯಾಕೆಂದರೆ ಅವರಿಗೆ ಗೆಲ್ಲುವ ಗಡಿಬಿಡಿ ಇರುವುದಿಲ್ಲ.

ನನ್ನ ಮೊಮ್ಮಗಳು ಶಿಲ್ಪಾ. ಗೋಡೆಯಾಚೆ ಮಾಬೂಬಿಯ ಮೊಮ್ಮಗಳು ಶಬಾನಾ. ಇಬ್ಬರೂ ಒಂದೇ ಸಾಲಿ, ಒಂದೇ ಕಾಲೇಜು, ಈಗ ಒಂದೇ ಬಿ.ಎಡ್. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವಿನ ಗೋಡೆಯಲ್ಲಿ ಎರಡು ಕಲ್ಲು ತೆಗೆದು ಒಂದು ಕಿಂಡಿ ಮಾಡಿದ್ದೇವೆ. ನಾನೂ ಮಾಬೂಬಿಯೂ ಸೊಸೆಯರಾಗಿ ಬಂದ ಕಾಲದ ಕಿಂಡಿ ಅದು. ನಮ್ಮ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಆಚೆ ಹೋಗುತ್ತದೆ, ಅವರ ಹಬ್ಬದ ಶಾವಿಗೆ ಪಾಯಸ ಸುರಕುಂಬಾ ಈಚೆ ಬರುತ್ತದೆ. ಬಟ್ಟಲು ಯಾರದು ಎಂಬ ಲೆಕ್ಕ ತಪ್ಪಿ ಎಷ್ಟೋ ವರ್ಷ ಆಯಿತು. ನಮ್ಮ ಮೊಣಕಾಲು ಹೋದ ಮೇಲೆ ಬಟ್ಟಲು ದಾಟಿಸುವ ಕೆಲಸ ಈ ಇಬ್ಬರು ಹುಡುಗಿಯರದು.

ಆ ಆಟದಲ್ಲಿ ಒಂದು ದೊಡ್ಡ ಲೋಕ ಇದೆ. ಅಲ್ಲಿ ಮೂರು ಬಣ. ಅವುಗಳಿಗೆ ಏನೇನೋ ಹೆಸರುಗಳಿವೆ, ನನ್ನ ಬಾಯಿಗೆ ಬರುವುದಿಲ್ಲ. ನಾನು ಇಟ್ಟ ಹೆಸರೇ ಹೇಳುತ್ತೇನೆ. ಒಂದು ಉದ್ದ ಕಿವಿಯವರದು. ಬೆಳ್ಳಗೆ ಇರುತ್ತಾರೆ, ಅಡವಿಯಲ್ಲಿ ವಾಸ, ಬಿಳಿ ಕುದುರೆ, ಸೊಂಟದ ತನಕ ಕೂದಲು. ಲಡಾಯಿಗೆ ಹೋದರೂ ಒಂದು ಕೂದಲು ಕೆದರುವುದಿಲ್ಲ. ಇನ್ನೊಂದು ಕೋಡಿನವರದು. ಕಪ್ಪು ಮೈ, ತಲೆಯ ಮೇಲೆ ಎರಡು ಕೋಡು, ಬಯಲು ನೆಲ, ಗಿಡ ಎಂದರೆ ಜಾಲಿಯಂಥದ್ದು ಅಲ್ಲೊಂದು ಇಲ್ಲೊಂದು. ಮೂರನೆಯದು ಗಡ್ಡದ ಗಿಡ್ಡರದು. ಅವರು ಯಾರ ತಂಟೆಗೂ ಹೋಗದೆ ದಿನವೆಲ್ಲ ಕಲ್ಲು ಒಡೆಯುತ್ತಾರೆ.

ಯಾರು ಯಾಕೆ ಯಾವ ಬಣ ಸೇರುತ್ತಾರೆ ಎಂದು ನಾನು ನಮ್ಮ ಮನೆಯಲ್ಲೇ ವಿಚಾರಣೆ ಮಾಡಿದೆ. ಮಗನಿಗೆ ಕೇಳಿದರೆ, "ಯಾರು ಗೆಲ್ಲಾಕತ್ತಾರ ನೋಡಿ ಹೇಳ್ತೇನಿ ತಡಿ" ಎಂದ. ಅವನು ಚುನಾವಣೆಯಲ್ಲೂ ಹಾಗೆಯೇ. ಸೊಸೆ ಕಸ್ತೂರಿ ಒಂದೇ ಸಲ ನೋಡಿ, "ನನಗ ಗಿಡ್ಡರ ಬಣ ಸೇರಸ್ರಿ ಅತ್ತಿ. ಅಲ್ಲಿ ಗಂಡಸರು ಕೆಲಸ ಮಾಡ್ತಾರ" ಎಂದಳು. ಮಗ ಪೇಪರು ಮುಖಕ್ಕೆ ಹಿಡಿದುಕೊಂಡ. ಶಿಲ್ಪಾ ಮಾತ್ರ ನ್ಯಾಯ, ಧರ್ಮ, ಅಡವಿ ಉಳಿಸುವುದು ಎಂದು ಉದ್ದ ಕಿವಿಯವರ ದೊಡ್ಡಸ್ತಿಕೆಯನ್ನು ಅರ್ಧ ತಾಸು ಹೇಳಿದಳು. "ಕೂದಲಾ ನೋಡಿ ಸೇರೀದಿ" ಎಂದೆ. "ಕೂದಲಾ ಅಲ್ಲ ಆಯಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಕುದುರಿನೂ ಐತಿ" ಎಂದಳು.

ಮೊದಲು ಇಬ್ಬರು ಹುಡುಗಿಯರೂ ಉದ್ದ ಕಿವಿಯವರಲ್ಲೇ ಇದ್ದರು. ಶ್ರಾವಣ ಮುಗಿಯುವ ಹೊತ್ತಿಗೆ ಶಬಾನಾ ಒಂದು ಮಾತೂ ಹೇಳದೆ ಕೋಡಿನವರನ್ನು ಸೇರಿದಳು. ಮರುದಿನ ಶಿಲ್ಪಾ ಅಡವಿಯ ಗಡಿ ಕಾಯುತ್ತಿದ್ದಾಗ ಬೆನ್ನಿಗೆ ಕೆಂಪು ನಗಾರಿ ಕಟ್ಟಿಕೊಂಡ ಕೋಡಿನವಳೊಬ್ಬಳು ಬಂದು ಅವಳ ಬಿಳಿ ಕುದುರೆಯನ್ನು ಕೊಂದಳು. ಅವಳೇ ಶಬಾನಾ. ನಾನು ಹಿತ್ತಲಿನಲ್ಲಿ ತೊಗರಿ ಹಸನು ಮಾಡುತ್ತಿದ್ದೆ. ಕಿಂಡಿಯ ಎರಡೂ ಕಡೆಯಿಂದ ಮಾತು ಹಾರಾಡಿತು.

"ನನ್ನ ಕುದುರಿ ಅಂತ ಗೊತ್ತಿದ್ದೂ ಹೊಡದಿ."

"ಗಡ್ಯಾಗ ಯಾಕ ನಿಲ್ಲಿಸಿದ್ದಿ? ನಿಮ್ಮ ಮಂದಿ ನನ್ನ ಆರು ತಿಂಗಳಾನೂ ದಂಡಿನ ಹಿಂದ ನಿಂದ್ರಿಸಿ ಔಷಧ ಹೊರಿಸ್ಯಾರ. ಇಲ್ಲಿ ನನ್ನ ನಾಯಕಿ ಮಾಡ್ಯಾರ."

"ಹೋಗು, ಕೋಡ ಹಚ್ಚಿಕೊಂಡು ಅಲ್ಲೇ ಇರು."

ಇರಲಿ, ಎರಡು ದಿನದ ಮಾತು ಎಂದುಕೊಂಡೆ. ಎರಡು ದಿನ ನಲವತ್ತಾಯಿತು. ಕಾಲೇಜಿನ ಬಸ್ಸಿನಲ್ಲಿ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಕಿಂಡಿಯಲ್ಲಿ ಬಟ್ಟಲು ದಾಟುವುದು ನಿಂತಿತು. ನಾನು ಹಿಂಡಿ ಕೊಟ್ಟು ಕಳಿಸಿದರೆ ಶಿಲ್ಪಾ ಅದನ್ನು ಕಿಂಡಿಯಲ್ಲಿ ಇಟ್ಟು ಬರುತ್ತಿದ್ದಳು, ಇರುವೆ ಮುತ್ತುತ್ತಿತ್ತು. ಇಷ್ಟೇ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ದೀಪಾವಳಿ ಕಳೆದ ಕೂಡಲೇ ಶಬಾನಾಳ ನಿಕಾ. ಮುದ್ದೇಬಿಹಾಳದ ಮನೆ. ಹೆಣ್ಣುಮಕ್ಕಳು ಮುನಿಸಿಕೊಂಡೇ ಗಂಡನ ಮನೆಗೆ ಹೋದರೆ ಆ ಮುನಿಸು ಅಲ್ಲಿ ಬೇರು ಬಿಡುತ್ತದೆ. ಆಮೇಲೆ ಮಕ್ಕಳಾಗುತ್ತವೆ, ಬರಲು ಬಿಡುವು ಸಿಗುವುದಿಲ್ಲ, ಮುನಿಸು ಹಾಗೆಯೇ ಮುದುಕಿಯಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಹೇಗೆ ಗೊತ್ತು ಎಂದು ಕೇಳಬೇಡಿ.

ಈ ನಡುವೆ ನಾನೂ ಆ ಆಟದಲ್ಲಿ ಕೂಲಿಗೆ ಹೋಗತೊಡಗಿದ್ದೆ. ಶಿಲ್ಪಾ ಪಾಠದ ಚಾರ್ಟು ಮಾಡುತ್ತಾ ಕೈಯೆಲ್ಲ ಅಂಟು ಮಾಡಿಕೊಂಡಾಗ ಮೊಬೈಲು ನನ್ನ ಕೈಗೆ ಬರುತ್ತಿತ್ತು. ಅಡವಿಯಲ್ಲಿ ಬೆಳ್ಳಿ ಬಣ್ಣದ ಎಲೆಯ ಗಿಡಗಳಿವೆ. ಒತ್ತಿದರೆ ಎಲೆ ಬರುತ್ತದೆ. ಲಡಾಯಿಯಲ್ಲಿ ಬಿದ್ದವರನ್ನು ಆ ಎಲೆಯ ಔಷಧ ಎಬ್ಬಿಸುತ್ತದಂತೆ. ನಾನು ಹತ್ತಿ ಬಿಡಿಸಿದವಳು, ಮೆಂತ್ಯ ಕಿತ್ತವಳು. ಒಂದು ಮಧ್ಯಾಹ್ನ ನಾನು ಕಿತ್ತಷ್ಟು ಎಲೆಯನ್ನು ಅವಳ ಬಣದ ಹತ್ತು ಮಂದಿ ಸೇರಿ ಒಂದು ವಾರ ಕೀಳುತ್ತಿರಲಿಲ್ಲ. ಬಣದವರೆಲ್ಲ ಶಿಲ್ಪಾಳನ್ನು ಹೊಗಳಿ ಇಡೀ ಬಣದ ಎಲೆಯ ಉಗ್ರಾಣವನ್ನೇ ಅವಳ ಕೈಗೆ ಒಪ್ಪಿಸಿದರು. ಔಷಧ ಅರೆಯುವವರು ಬಂದರೆ ಅವರಿಗೆ ಎಲೆ ಕೊಡಲು ಒಂದು ಬಟನ್ ಇತ್ತು. ಅದರ ಮೇಲೆ ಚಾಚಿದ ಕೈಯ ಚಿತ್ರ. ಎದುರಿಗೆ ನಿಂತವರಿಗೆ ಕೊಡುವ ಬಟನ್ ಅದು. ಇಷ್ಟು ನನಗೆ ಗೊತ್ತಿತ್ತು.

ದಸರೆ ಬಂತು. ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುತ್ತೇವೆ. ಬನ್ನಿ ತಗೊಂಡು ಬಂಗಾರದಂಗ ಇರೋಣ ಎನ್ನುತ್ತೇವೆ. ಯಾರ ಸಂಗಡ ಮಾತು ಬಿಟ್ಟಿರುತ್ತದೆಯೋ ಅವರ ಮನೆಗೂ ಅಂದು ಹೋಗಬಹುದು, ಹೋದವರನ್ನು ಯಾರೂ ಬಾಗಿಲಿನಿಂದ ತಿರುಗಿಸುವುದಿಲ್ಲ. "ಆಯಿ, ನಾ ಓಣ್ಯಾಗ ಬನ್ನಿ ಕೊಟ್ಟು ಬರ್ತೇನಿ. ಅಲ್ಲೀತನಕ ಎಲಿ ಕೀಳು. ಸಂಜೀಕ ಕೋಡಿನವರ ಸಂಗಾಟ ದೊಡ್ಡ ಲಡಾಯಿ ಐತಿ" ಎಂದು ಶಿಲ್ಪಾ ಹೊರಟಳು. ಓಣಿಯ ಎಲ್ಲ ಮನೆಗೂ ಹೋದಳು, ಒಂದು ಬಾಗಿಲು ಬಿಟ್ಟು.

ಮಾಬೂಬಿ ಮೊಣಕಾಲು ಹಿಡಿದುಕೊಂಡು ತಾನೇ ಬಂದಳು. ಬನ್ನಿ ಕೊಟ್ಟಳು, ತೆಗೆದುಕೊಂಡಳು, ಕೂತಳು.

"ಶಬಾನಾ ಎಲ್ಲಿ? ಪ್ರತಿ ವರ್ಷ ಎಲ್ಲಾರಕಿಂತ ಮೊದಲ ಆಕಿ ಬರ್ತಿದ್ಲು."

"ಒಳಗ ಮೊಬೈಲ್ ಹಿಡಕೊಂಡು ಕುಂತಾಳವಾ ಗೌರವ್ವ. ಸಂಜೀಕ ನಿಮ್ಮ ಮಂದೀನ್ನ ಕಡಿಯೂದು ಐತಂತ."

"ಬರಲಿ ಬಿಡು, ನೋಡೂಣು" ಎಂದೆ. ಅವಳು ಎದ್ದು ಹೋದ ಮೇಲೆ ಮೊಬೈಲು ತೆಗೆದುಕೊಂಡು ಎಲೆ ಕೀಳುತ್ತಾ ಆಟದ ಅಡವಿಯ ಗಡಿಯಲ್ಲಿದ್ದ ಹಳ್ಳದ ದಂಡೆಗೆ ಬಂದೆ. ಆಚೆ ದಂಡೆಯಿಂದ ಕೆಂಪು ನಗಾರಿಯವಳು ನೀರಿಗೆ ಇಳಿದು ನೇರ ನನ್ನ ಎದುರಿಗೆ ಬಂದು ನಿಂತು ಕೊಡಲಿ ಎತ್ತಿದಳು. ಅವಳಿಗೇನು ಗೊತ್ತು, ಈ ಉದ್ದ ಕಿವಿಯ ಒಳಗೆ ಕೂತಿರುವುದು ನಾನು ಎಂದು. ನನಗೆ ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ಹಬ್ಬದ ದಿನ ಮನೆಗೆ ಬರದೆ ಇಲ್ಲಿ ಕೊಡಲಿ ಹಿಡಿದು ಬಂದಿದ್ದಾಳೆ. ನನ್ನ ಬಳಿ ಎಲೆ ಇದೆ, ಎದುರಿಗೆ ಬರಬೇಕಾದವಳು ಬಂದಿದ್ದಾಳೆ, ದಿನವೂ ಬನ್ನಿಯದೇ. ಚಾಚಿದ ಕೈ ಒತ್ತಿದೆ. ಎಷ್ಟು ಕೊಡಬೇಕು ಎಂದು ಆಟ ಕೇಳಿತು. ಬನ್ನಿಯನ್ನು ಯಾರಾದರೂ ಎಣಿಸಿ ಕೊಡುತ್ತಾರೆಯೇ? ಎಲ್ಲಕ್ಕಿಂತ ಕೆಳಗಿದ್ದ, ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಒತ್ತಿದೆ.

ಎತ್ತಿದ ಕೊಡಲಿ ಎತ್ತಿದಂತೆಯೇ ನಿಂತಿತು. ಗೋಡೆಯ ಆಚೆ ಏನೋ ಬಿದ್ದ ಸಪ್ಪಳ. ಆಮೇಲೆ ಕಿಂಡಿಯಲ್ಲಿ ಶಬಾನಾಳ ಮುಖ ಕಾಣಿಸಿತು.

"ಶಿಲ್ಪಾ, ನಿನಗ ತಲಿಗಿಲಿ ಕೆಟ್ಟೈತೇನು? ನಿಮ್ಮ ಇಡೀ ಉಗ್ರಾಣ ನನಗ ಕೊಟ್ಟೀದಿ."

ಶಿಲ್ಪಾ ಆಗಷ್ಟೇ ಹಿತ್ತಲಿಗೆ ಬಂದಿದ್ದಳು. ನನ್ನ ಕೈಯಿಂದ ಮೊಬೈಲು ಕಸಿದುಕೊಂಡು ನೋಡಿದಳು. ಮುಖ ಸುಣ್ಣ ಆಯಿತು. "ಆಯಿ, ಏನ್ ಮಾಡಿದಿ?"

"ಬನ್ನಿ ಕೊಟ್ಟೆ" ಎಂದೆ. "ನೀವಿಬ್ಬರೂ ಕೊಡಲಿಲ್ಲ, ನಾ ಕೊಟ್ಟೆ."

ನನಗೆ ಒಳಗೊಳಗೆ ಅಳುಕಾಯಿತು. ಇದ್ದ ಮುನಿಸಿಗೆ ಇನ್ನೊಂದು ಸೇರಿಸಿದೆನೋ ಎನಿಸಿತು. ಮೊದಲು ನಕ್ಕದ್ದು ಶಬಾನಾ. ಅವಳ ನಗು ಚಿಕ್ಕಂದಿನಿಂದಲೂ ಹಾಗೆ, ಸದ್ದಿಲ್ಲದೆ ಶುರುವಾಗಿ ಕೊನೆಗೆ ಬಿಕ್ಕಳಿಕೆಗೆ ಮುಟ್ಟುತ್ತದೆ. ಶಿಲ್ಪಾ ಅಳುತ್ತಾ ಇದ್ದಳೋ ನಗುತ್ತಾ ಇದ್ದಳೋ ತಿಳಿಯಲಿಲ್ಲ, ಒಂದು ಚಂಬು ನೀರು ಒಯ್ದು ಕಿಂಡಿಯಲ್ಲಿ ಕೊಟ್ಟಳು. ಆ ಹೊತ್ತಿಗೆ ನಾನು ಒಂದು ಉಸಿರು ಬಿಟ್ಟೆ ನೋಡಿ, ಅದು ನಲವತ್ತು ದಿನದ ಉಸಿರು.

ಬನ್ನಿ ಕೊಟ್ಟರೆ ತಿರುಗಿ ಕೊಡಬೇಕು. ಅದನ್ನು ಶಬಾನಾಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಕೂಡಲೇ ಅರ್ಧ ಎಲೆ ವಾಪಸು ಕೊಟ್ಟಳು. ಆದರೆ ಆಟದ ಮಂದಿಗೆ ನಮ್ಮ ಪದ್ಧತಿ ಎಲ್ಲಿ ಗೊತ್ತಿರಬೇಕು? ವೈರಿಗೆ ಎಲೆ ಕೊಟ್ಟಳು ಎಂದು ಉದ್ದ ಕಿವಿಯವರು ಶಿಲ್ಪಾಳನ್ನು ಹೊರಗೆ ಹಾಕಿದರು. ಬಂದ ಎಲೆ ತಿರುಗಿ ಕೊಟ್ಟಳು ಎಂದು ಕೋಡಿನವರು ಶಬಾನಾಳನ್ನು ಹೊರಗೆ ಹಾಕಿದರು. ಮುಖ ನೋಡದ, ಊರು ಗೊತ್ತಿಲ್ಲದ ಮಂದಿ ಇಬ್ಬರಿಗೂ ಬೈದು ಬರೆದರು. ಕಸ್ತೂರಿ ಹೋಳಿಗೆ ತಟ್ಟೆ ತಂದಿಟ್ಟು, "ಗಿಡ್ಡರ ಕಡಿಗಿ ಹೋಗ್ರಿ ಅಂತ ನಾ ಮೊದಲಽ ಹೇಳಿದ್ದೆ" ಎಂದಳು. ಈಗ ಇಬ್ಬರೂ ಗಡ್ಡ ಇಟ್ಟುಕೊಂಡು ಅಕ್ಕಪಕ್ಕ ನಿಂತು ಕಲ್ಲು ಒಡೆಯುತ್ತಾರೆ. ಅಂದು ಸಂಜೆಯ ಲಡಾಯಿಯಲ್ಲಿ ಯಾರು ಗೆದ್ದರೋ ನಾನು ಕೇಳಲಿಲ್ಲ.

ಒಂದು ದಿನ ಶಬಾನಾಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. "ಖರೇ ಹೇಳು. ಆ ಕೋಡಿನವರ ಬಲ್ಲಿ ಯಾಕ ಹೋದಿ? ನಾಯಕಿ ಆಗೂದಕ್ಕೇನು?"

ಅವಳು ಬಳೆ ತಿರುಗಿಸುತ್ತಾ ಕೂತಳು. "ಅದೂ ಐತ್ರಿ ಆಯಿ. ಅದಕಿಂತ, ಅಲ್ಲಿ ಒಬ್ಬರೂ ನನಗ ಗುರುತ ಇರಲಿಲ್ರಿ. ಮುದ್ದೇಬಿಹಾಳದಾಗೂ ಹಂಗಽ ಅಲ್ಲೇನ್ರಿ. ಗುರುತಿಲ್ಲದ ಮಂದ್ಯಾಗ ಇರಾಕ ಆಕ್ಕೈತೋ ಇಲ್ಲೋ, ನೋಡೂಣು ಅಂತ ಹೋದೆ."

ನನಗೆ ಅಳು ಬರುವುದಿಲ್ಲ, ಬರುವ ಕಾಲ ಮುಗಿದಿದೆ. "ಆತಿಲ್ಲೋ ಮತ್ತ. ಕೋಡಿದ್ದ ಮಂದಿನೇ ನಿನ್ನ ನಾಯಕಿ ಮಾಡ್ಯಾರ ಅಂದ್ರ, ಅತ್ತಿ ಏನ್ ದೊಡ್ಡ ಮಾತು" ಎಂದೆ. ಅವಳು ಮತ್ತೆ ಬಿಕ್ಕಳಿಸುವ ತನಕ ನಕ್ಕಳು. ನಿಕಾ ಮುಗಿಯಿತು, ಹೋದಳು. ಈಗ ಮುದ್ದೇಬಿಹಾಳದಿಂದಲೇ ಕಲ್ಲು ಒಡೆಯುತ್ತಾಳೆ. ಅವಳ ಅತ್ತೆಯೂ ಆಗಾಗ ಒಂದಿಷ್ಟು ಒಡೆದುಕೊಡುತ್ತಾಳಂತೆ.

ಎಲ್ಲ ಸರಿಹೋಯಿತು ಎಂದು ನಾನು ಗೋಡೆಗೆ ಬೆನ್ನು ಕೊಟ್ಟು ನಿಶ್ಚಿಂತೆಯಿಂದ ಕೂತಿದ್ದೆ. ಶಿಲ್ಪಾ ದೇವರ ಮುಂದಿನ ತಟ್ಟೆ ತೊಳೆಯಲು ತೆಗೆದವಳು ನಿಂತಳು. "ಆಯಿ, ಇದರಾಗ ಒಂದು ಬನ್ನಿ ಕಟ್ಟಿ ಬ್ಯಾರೇನೇ ಐತಲ್ಲ, ದಾರ ಸುತ್ತಿದ್ದು. ಯಾರದಿದು?"

"ಯಾರದೂ ಅಲ್ಲ, ಇಡು."

"ಬಾಗೇವಾಡಿ ಆಯಿದ ಅಲ್ಲೇನು? ಪ್ರತಿ ವರ್ಷ ತಗದಿಡ್ತಿ, ಪ್ರತಿ ವರ್ಷ ಒಣಗಸ್ತಿ. ವೈರಿಗೆ ಉಗ್ರಾಣಾನ ಕೊಟ್ಟಾಕಿ, ನೆಗೆಣ್ಣಿಗೆ ಒಂದು ಕಟ್ಟು ಕೊಡಾಕ ಆಗೂದಿಲ್ಲೇನು?"

ಅದು ಮಂದಿಯ ಎಲೆ, ಇದು ನನ್ನದು ಎಂದು ಹೇಳಲು ಹೊರಟವಳು ಆ ಕಟ್ಟನ್ನು ತೆಗೆದು ಸೆರಗಿಗೆ ಕಟ್ಟಿಕೊಂಡೆ. ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ಬಾಗೇವಾಡಿ ಮುಟ್ಟಿಸುವ ಬಸ್ಸೊಂದು ಇದೆಯಂತೆ. ಸುಮ್ಮನೆ ವಿಚಾರಿಸಿ ಇಟ್ಟಿದ್ದೇನೆ. ಹೋದರೆ ಬರಿಗೈಯಲ್ಲಿ ಹೋಗಲು ಬರುವುದಿಲ್ಲ, ಬುತ್ತಿ ಕಟ್ಟಬೇಕು. ಅದಕ್ಕೆ ಎರಡು ದಿನದಿಂದ ರೊಟ್ಟಿ ಬಡಿಯುತ್ತಿದ್ದೇನೆ. ಆಚೆ ಹಿಡಿದ ಬೆರಳು ಈಚೆ ಕಾಣುವಷ್ಟು ತೆಳ್ಳಗೆ ಆಗುವ ತನಕ ನಾನು ಬಸ್ಸು ಹತ್ತುವವಳಲ್ಲ.